ಕೂಸಿನ ತಲೆಯೊಳಗಿನ ಗಡಿಯಾರ

"ಏನ್ ಮಾಡ್ಲಿ ಯಕ್ಕ, ಈ ಕೂಸು ಹಗಲೆಲ್ಲ ಮಲಗ್ತದ. ರಾತ್ರಿ ಆತಂದ್ರ ಕಣ್ಣು ಬಿಡ್ತದ!"

ದೇವದುರ್ಗದಲ್ಲಿ, ಮಾನ್ವಿಯಲ್ಲಿ, ರಾಯಚೂರಿನ ಓಣಿಗಳಲ್ಲಿ ಬಾಣಂತಿಯರು ಹೀಗೆ ಹೇಳುವುದನ್ನು ನೀವು ಕೇಳಿರಬಹುದು. ದೃಷ್ಟಿ ಆಗ್ಯದ ಅಂತ ಒಬ್ಬರು ಹೇಳುತ್ತಾರೆ. ಹಾಲು ಸಾಲವಲ್ದು ಅಂತ ಇನ್ನೊಬ್ಬರು. ಬೈಗುಳ ಮಾತ್ರ ಸೊಸೆಗೆ. ಆದರೆ ಇದು ದೃಷ್ಟಿಯಲ್ಲ, ಸೊಸೆಯ ತಪ್ಪೂ ಅಲ್ಲ. ಹಗಲು ಯಾವುದು, ರಾತ್ರಿ ಯಾವುದು ಎಂದು ಕೂಸಿಗೆ ಇನ್ನೂ ಗೊತ್ತಿಲ್ಲ, ಅಷ್ಟೆ.

ನಮಗೆ ಹೇಗೆ ಗೊತ್ತಾಗುತ್ತದೆ? ಕೋಳಿ ಕೂಗದಿದ್ದರೂ ನಸುಕಿಗೆ ಎಚ್ಚರ ಆಗುತ್ತದೆ. ಊಟದ ಹೊತ್ತಿಗೆ ಹಸಿವಾಗುತ್ತದೆ. ನಮ್ಮ ಮಿದುಳಿನಲ್ಲಿ ಒಂದು ಗಡಿಯಾರ ಇದೆ. ಅದಕ್ಕೆ ಮುಳ್ಳಿಲ್ಲ, ಸದ್ದಿಲ್ಲ. ಎರಡು ಕಣ್ಣುಗಳ ನರಗಳು ತಲೆಯೊಳಗೆ ಕೂಡುವ ಜಾಗದ ಮೇಲೆ ಎರಡು ಗಂಟುಗಳಿವೆ. ಸಾಸಿವೆ ಕಾಳಿಗಿಂತ ಸಣ್ಣವು. ಅವೇ ಆ ಗಡಿಯಾರ. ಕಣ್ಣಿಗೆ ಬಿದ್ದ ಬೆಳಕು ಅದನ್ನು ದಿನಾ ಸರಿಮಾಡುತ್ತದೆ.

ಕೂಸು ಹೊಟ್ಟೆಯಲ್ಲಿದ್ದಾಗ ತಾಯಿಯೇ ಅದರ ಗಡಿಯಾರ. ಕತ್ತಲಾದರೆ ತಾಯಿಯ ಮೈಯಲ್ಲಿ ಮೆಲಟೋನಿನ್ ಎಂಬ ರಸ ಊರುತ್ತದೆ. ರಕ್ತದ ಮೂಲಕ ಅದು ಕೂಸಿಗೂ ಮುಟ್ಟುತ್ತದೆ. "ಈಗ ರಾತ್ರಿ" ಎಂಬ ಸುದ್ದಿ ಅದು. ಹೊಕ್ಕುಳ ಬಳ್ಳಿ ಕೊಯ್ದ ಮೇಲೆ ಆ ಸುದ್ದಿ ನಿಂತುಹೋಗುತ್ತದೆ. ಕೂಸಿನ ಮೈಯಲ್ಲೇ ಆ ರಸ ಹೊತ್ತಿಗೆ ಸರಿಯಾಗಿ ಊರಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕೂಸು ದಿನಕ್ಕೆ ಸುಮಾರು 16 ತಾಸು ಮಲಗುತ್ತದೆ. ಆದರೆ ಒಂದೇ ಸಲ ಅಲ್ಲ. ಎರಡು ಮೂರು ತಾಸಿಗೊಮ್ಮೆ ಎದ್ದು ಹಾಲು ಕೇಳುತ್ತದೆ. ಅದರ ಹೊಟ್ಟೆಯಾದರೂ ಎಷ್ಟು ದೊಡ್ಡದು!

ಹೊಲದ ಬದುವಿನಲ್ಲಿ ಬಿಲ ತೋಡುವ ಸಣ್ಣ ಇಲಿಯನ್ನು ನೀವು ನೋಡಿದ್ದೀರಿ. ಅದರ ಮರಿ ಹುಟ್ಟಿದಾಗ ಕಣ್ಣೇ ತೆರೆದಿರುವುದಿಲ್ಲ. ಅದಕ್ಕೆ ಹೊತ್ತು ಯಾರು ಹೇಳಬೇಕು? ಮಧುರೈಯಲ್ಲಿ ವಿಶ್ವನಾಥನ್ ಮತ್ತು ಚಂದ್ರಶೇಖರನ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿದರು. ಹಗಲು ರಾತ್ರಿ ತಿಳಿಯದ ಕಡೆ ಮರಿಗಳನ್ನು ಇಟ್ಟರು. ತಾಯಿ ಇಲಿಯನ್ನು 12 ತಾಸು ಮರಿಗಳ ಜೊತೆ ಬಿಟ್ಟರು, 12 ತಾಸು ಬೇರೆ ಇಟ್ಟರು. ಮರಿಗಳ ಗಡಿಯಾರ ತಾಯಿ ಬಂದು ಹೋಗುವ ಹೊತ್ತಿಗೆ ಹೊಂದಿಕೊಂಡಿತು! 1985ರಲ್ಲಿ ಇದು ಜಗತ್ತಿಗೆ ತಿಳಿಯಿತು. ಚಂದ್ರಶೇಖರನ್ ಅವರು ಮುಂದೆ ಬೆಂಗಳೂರಿನಲ್ಲೂ ಕೆಲಸ ಮಾಡಿದರು.

ಈಗ ನಮ್ಮ ಬಾಣಂತಿ ಕೋಣೆಗೆ ಬರೋಣ. ಗಾಳಿ ಆಗಬಾರದು ಅಂತ ಕಿಟಕಿ ಮುಚ್ಚುತ್ತೇವೆ. ಹಗಲಿಗೂ ಕತ್ತಲು. ರಾತ್ರಿ ನೋಡಿದರೆ ಬಲ್ಬು ಉರಿಯುತ್ತದೆ, ಟಿ.ವಿ. ಹಾಡುತ್ತದೆ. ಪಾಪ, ಕೂಸು ಏನು ಕಲಿಯಬೇಕು? ತಾಯಿಯನ್ನು ಬೆಚ್ಚಗಿಡುವುದು ಒಳ್ಳೆಯದೇ. ಬೆಚ್ಚಗಿಡಲು ಕತ್ತಲು ಬೇಕಿಲ್ಲ. ಹೊಗೆಯಂತೂ ಬೇಡವೇ ಬೇಡ. ಅದು ಕೂಸಿನ ಎದೆಗೆ ಕೆಟ್ಟದ್ದು.

ಮುಂಜಾನೆ ಕಿಟಕಿ ತೆರೆಯಿರಿ. ನಮ್ಮ ರಾಯಚೂರಿನ ಬಿಸಿಲಿಗೆ ಒಯ್ಯಿರಿ ಅಂತಲ್ಲ, ನೆರಳಿನ ಬೆಳಕು ಸಾಕು. ಹಗಲು ಕೂಸಿನ ಜೊತೆ ಮಾತಾಡಿರಿ. ರಾತ್ರಿ ಸಣ್ಣ ದೀಪದಲ್ಲಿ ಸುಮ್ಮನೆ ಹಾಲು ಕುಡಿಸಿರಿ. ರಾತ್ರಿಯ ಎದೆಹಾಲಿನಲ್ಲಿ ಆ ಮೆಲಟೋನಿನ್ ಇರುತ್ತದೆ. ಹಗಲಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ನಿದ್ದೆ ಬರಲಿ ಅಂತ ಅಂಗಡಿಯಿಂದ ಔಷಧಿ ತಂದು ಕುಡಿಸಬೇಡಿರಿ. ಕೆಮ್ಮಿನ ಔಷಧಿಯೂ ಬೇಡ, ಅಫೀಮು, ಬ್ರಾಂದಿಯ ಹನಿಯೂ ಬೇಡ. ಕೂಸಿನ ಉಸಿರು ನಿಂತುಹೋಗಬಹುದು.

ಇನ್ನೊಂದು ಮಾತು. ರಾತ್ರಿ ಅಳುವ ಕೂಸಿಗೆ ಅಂಜಬೇಡಿರಿ. ಎಬ್ಬಿಸಿದರೂ ಏಳದ, ಹಾಲು ಬಿಟ್ಟ, ಮೈ ತಣ್ಣಗಾದ ಅಥವಾ ಸುಡುವ ಕೂಸಿಗೆ ಅಂಜಬೇಕು. ಅದು ಗಡಿಯಾರದ ಮಾತಲ್ಲ, ರೋಗ. ಆಶಾ ಕಾರ್ಯಕರ್ತೆ ಬರಲಿ ಅಂತ ಕಾಯಬೇಡಿರಿ. 108ಕ್ಕೆ ಫೋನ್ ಮಾಡಿರಿ. ದೇವದುರ್ಗ, ಮಾನ್ವಿಯಲ್ಲಿ ತಾಲೂಕು ಆಸ್ಪತ್ರೆ ಇದೆ, ರಾಯಚೂರಿನಲ್ಲಿ ರಿಮ್ಸ್ ಇದೆ. ನಡುರಾತ್ರಿಯಾದರೂ ಹೊರಡಿರಿ.