ಜಾಹೀರಾತಿನ ಮುಖ ಜಾಮೀನು ನಿಲ್ಲುವುದಿಲ್ಲ

ಕಳೆದ ತಿಂಗಳು ನೆರೆಮನೆಯ ಸಹೋದರಿಯೊಬ್ಬರು ಬಣ್ಣದ ಪುಸ್ತಿಕೆಯೊಂದನ್ನು ಹಿಡಿದುಕೊಂಡು ಬಂದರು. ಅವರ ಪತಿ ಗಲ್ಫ್‌ನಲ್ಲಿದ್ದಾರೆ. ಬಳೆ ಮಾರಿಯಾದರೂ ಫ್ಲ್ಯಾಟಿನ ಮುಂಗಡ ಕಟ್ಟಬೇಕೆಂಬ ಆಸೆ ಅವರದು. "ಟೀಚರ್, ಇಷ್ಟು ದೊಡ್ಡ ಆಟಗಾರನ ಫೋಟೋ ಉಂಟು. ಮೋಸ ಆಗ್ಲಿಕ್ಕುಂಟಾ?" ಎಂದು ಕೇಳಿದರು. ಪುಸ್ತಿಕೆಯಲ್ಲಿ ಆಟಗಾರನ ನಗುವಿತ್ತು, ವಿದೇಶಿ ಕಂಪೆನಿಯ ನಲ್ಲಿಗಳ ಚಿತ್ರವಿತ್ತು, ಬ್ಯಾಂಕಿನ ಲಾಂಛನವೂ ಇತ್ತು. ಕಟ್ಟಡ ಯಾವಾಗ ಮುಗಿಯುತ್ತದೆ ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ನನಗೆ ದೆಹಲಿ ಪಕ್ಕದ ನೋಯ್ಡಾದ ಆಮ್ರಪಾಲಿ ಸಂಸ್ಥೆಯ ನೆನಪಾಯಿತು. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಅದರ ಪ್ರಚಾರ ರಾಯಭಾರಿಯಾಗಿದ್ದರು. 2016ರ ಎಪ್ರಿಲ್‌ನಲ್ಲಿ ಅದರ ಒಂದು ವಸತಿ ಸಂಕೀರ್ಣದ ನಿವಾಸಿಗಳು, ಕೆಲಸ ಅರ್ಧಕ್ಕೆ ನಿಂತಿದೆಯೆಂದು ಟ್ವಿಟರ್‌ನಲ್ಲಿ ಧೋನಿಯವರನ್ನೇ ಪ್ರಶ್ನಿಸತೊಡಗಿದರು. ಅವರು ಆ ಸ್ಥಾನದಿಂದ ಹೊರಬಂದರು. ಗ್ರಾಹಕರ ಹಣ ಬೇರೆಡೆಗೆ ಹೋಗಿದೆಯೆಂದು 2019ರ ಜುಲೈ 23ರಂದು ತೀರ್ಪಿತ್ತ ಸುಪ್ರೀಮ್ ಕೋರ್ಟ್, ಸಂಸ್ಥೆಯ ನೋಂದಣಿಯನ್ನು ರದ್ದುಗೊಳಿಸಿ ಬಾಕಿ ಕೆಲಸವನ್ನು ಸರಕಾರಿ ಸ್ವಾಮ್ಯದ ಎನ್‌ಬಿಸಿಸಿಗೆ ವಹಿಸಿತು. ಮನೆಗಾಗಿ ಕಾದವರು 40 ಸಾವಿರಕ್ಕೂ ಹೆಚ್ಚು. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಇಲ್ಲದ ಮನೆಯ ಸಾಲದ ಕಂತು! ತನಗೂ ಹಣ ಬರಬೇಕಿದೆಯೆಂದು ಧೋನಿಯವರೂ ಅದೇ ಕೋರ್ಟಿನ ಮೆಟ್ಟಿಲೇರಿದ್ದರು.

ಹೆಸರನ್ನೇ ಬಾಡಿಗೆಗೆ ಕೊಡುವ ವ್ಯಾಪಾರವೂ ಇದೆ. ಮುಂಬೈ, ಪುಣೆಗಳ ಟ್ರಂಪ್ ಟವರ್‌ಗಳನ್ನು ಕಟ್ಟಿದವರು ಇಲ್ಲಿನ ಬಿಲ್ಡರ್‌ಗಳೇ. ಹೆಸರು ಬಳಸಲು ಅವರು ಶುಲ್ಕ ಕೊಡುತ್ತಾರೆ. ಅದು ಅಪರಾಧವೇನಲ್ಲ. ಆದರೆ ಆ ಶುಲ್ಕ ಬಿಲ್ಡರ್‌ನ ಜೇಬಿನಿಂದ ಹೋಗುತ್ತದೆಂದು ನಾವು ಭಾವಿಸಬೇಕಾಗಿಲ್ಲ.

ಮದ್ರಸದಲ್ಲಿ ಫಿಕ್‌ಹ್ ಓದುವಾಗ ಜಾಮೀನಿನ ಅಧ್ಯಾಯ ಬರುತ್ತದೆ. ಒಬ್ಬನ ಸಾಲಕ್ಕೆ ಜಾಮೀನು ನಿಂತವನು ಆ ಸಾಲಕ್ಕೆ ಹೊಣೆಗಾರ. ಜಾಹೀರಾತಿನ ಮುಖಕ್ಕೆ ಅಂತಹ ಹೊಣೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಪರಿಶೀಲಿಸದೆ ಸುಳ್ಳು ಜಾಹೀರಾತಿನಲ್ಲಿ ಕಾಣಿಸಿಕೊಂಡವರಿಗೆ 10 ಲಕ್ಷ ರೂ.ವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಒಳ್ಳೆಯದೇ. ಆದರೆ ಆ ದಂಡದಿಂದ ನಮ್ಮ ಮನೆಯ ಗೋಡೆ ಏಳುವುದಿಲ್ಲ. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲೇಕೆ ಇಟ್ಟಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆ ನಮಗೆಲ್ಲ ಗೊತ್ತು. ಇಂದು ಆ ಕೈಯನ್ನು ನಾವೇ ಹಾಕಿ ನೋಡಬೇಕಾಗಿದೆ.

ಅದಕ್ಕೆ ರೇರಾ ಕಾಯ್ದೆಯಿದೆ. ಅದು 2016ರದ್ದು. ನೋಂದಣಿ ಬೇಕಾದ ಪ್ರತಿಯೊಂದು ಯೋಜನೆಯ ಜಾಹೀರಾತಿನಲ್ಲಿಯೂ ರೇರಾ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಇರಲೇಬೇಕು. ಆ ಸಂಖ್ಯೆಯನ್ನು ವೆಬ್‌ಸೈಟ್‌ನಲ್ಲಿ ಹಾಕಿದರೆ ಮುಗಿಸುವ ದಿನಾಂಕ ಸಿಗುತ್ತದೆ. ಲಿಖಿತ ಕರಾರು ಮಾಡಿ ನೋಂದಾಯಿಸುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಪುಸ್ತಿಕೆಯನ್ನು ಎಸೆಯಬೇಡಿ. ಅದರ ಸುಳ್ಳು ನಂಬಿ ಹಣ ಕೊಟ್ಟು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಬೇಡವೆಂದು ಹಿಂದೆ ಸರಿದರೆ ಪೂರ್ತಿ ಹಣ ಮರಳಿಸಬೇಕು. ಕರಾರಿನಲ್ಲಿ ನಲ್ಲಿ, ಟೈಲ್ಸ್, ಲಿಫ್ಟ್‌ಗಳ ಕಂಪೆನಿ ಹೆಸರಿನ ಮುಂದೆ 'ಅಥವಾ ತತ್ಸಮಾನ' ಎಂಬ ಎರಡು ಪದಗಳಿವೆಯೇ ನೋಡಿ. ಇದ್ದರೆ ಚಿತ್ರದ ನಲ್ಲಿ ಬರಲೇಬೇಕೆಂದಿಲ್ಲ. ಬ್ಯಾಂಕಿನ ಲಾಂಛನದ ಅರ್ಥ ಅದು ಸಾಲ ಕೊಡಲು ಒಪ್ಪಿದೆ ಎಂದಷ್ಟೆ. ಕಟ್ಟಡ ನಿಂತರೂ ಕಂತು ನಿಲ್ಲುವುದಿಲ್ಲ. (ಬಡ್ಡಿಯ ಪ್ರಶ್ನೆ ಬೇರೆಯೇ ಇದೆ. ಅದನ್ನು ಇಲ್ಲಿ ಎತ್ತುವುದಿಲ್ಲ.)

ಆ ಸಹೋದರಿಯ ಪುಸ್ತಿಕೆಯನ್ನು ನಾವಿಬ್ಬರೂ ಹಿಂದೆ ಮುಂದೆ ತಿರುವಿದೆವು. ನೋಂದಣಿ ಸಂಖ್ಯೆ ಸಿಗಲಿಲ್ಲ. ಏಜೆಂಟರಿಗೆ ಫೋನ್ ಮಾಡಿದಾಗ, "ನಾಳೆಯೇ ಕಳಿಸ್ತೇನೆ ಮೇಡಂ" ಎಂದರು. ಮೂರು ವಾರವಾಯಿತು. ಸಂಖ್ಯೆ ಇನ್ನೂ ಬಂದಿಲ್ಲ.