ಕರೆಂಟಿನ ವಯರಿನಲ್ಲೇ ಹಿಂದಿನ ಕೋಣೆಗೆ ಇಂಟರ್‌ನೆಟ್

ನಮ್ಮ ಕಾಸರಗೋಡು ಕಡೆಯ ಹಳೇ ಮನೆಗಳ ಕೆಂಪುಕಲ್ಲಿನ ಗೋಡೆಗಳು ದಪ್ಪ. ಸೆಕೆಗೆ ಅದು ಒಳ್ಳೆಯದೇ. ಆದರೆ ಚಾವಡಿಯಲ್ಲಿಟ್ಟ ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿರುವ ಹಿರಿಯರನ್ನು, 2020ರಲ್ಲಿ ಮನೆಮನೆಗೆ ತೆರೆದ ಸರಕಾರದ ಇ-ಸಂಜೀವನಿಯ ಮೂಲಕ ಡಾಕ್ಟರರಿಗೆ ತೋರಿಸಲು ಹೊರಟರೆ ಚಿತ್ರ ನಿಂತು ನಿಂತು ಬರುತ್ತದೆ. ಗೋಡೆ ಕೊರೆಯದೆ ಇದಕ್ಕೊಂದು ಉಪಾಯವಿದೆ. ಅದೇ ಪವರ್‌ಲೈನ್ ಅಡಾಪ್ಟರ್.

ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತಗಳಲ್ಲಿ ಹರಿಯುತ್ತದೆ. ಅಡಾಪ್ಟರ್ ಅದೇ ವಯರಿನಲ್ಲಿ 20 ಲಕ್ಷಕ್ಕೂ ಮೇಲಿನ ಆವರ್ತಗಳ ಸಂಕೇತ ಕಳುಹಿಸುತ್ತದೆ. ಬಲಿಪೂಜೆಯ ಗಾಯನದಲ್ಲಿ ದಪ್ಪ ಸ್ವರ, ಸಣ್ಣ ಸ್ವರ ಒಟ್ಟಿಗೆ ಬಂದರೂ ಬೇರೆಬೇರೆಯಾಗಿ ಕೇಳುವಂತೆ, ಇವೆರಡೂ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ.

ಜೋಡಿಸುವ ಕ್ರಮ:

1. ಒಂದು ಅಡಾಪ್ಟರನ್ನು ರೂಟರಿನ ಬಳಿ ಗೋಡೆಯ ಪ್ಲಗ್ಗಿಗೆ ಹಾಕಿ, ಕೇಬಲಿನಿಂದ ರೂಟರಿಗೆ ಜೋಡಿಸಿರಿ.

2. ಇನ್ನೊಂದನ್ನು ಹಿಂದಿನ ಕೋಣೆಯಲ್ಲಿ ಹಾಕಿರಿ. ಮೊಬೈಲ್ ಬಳಸುವವರು ವೈಫೈ ಇರುವ ಅಡಾಪ್ಟರನ್ನೇ ಕೇಳಿ ಕೊಳ್ಳಬೇಕು.

3. ಎರಡರಲ್ಲೂ ಇರುವ ಜೋಡಣೆಯ ಗುಂಡಿಯನ್ನು ಎರಡು ನಿಮಿಷದೊಳಗೆ ಒತ್ತಿರಿ. ಇದರಿಂದ ಪಕ್ಕದ ಮನೆಯವರಿಗೆ ನಿಮ್ಮ ಸಂಕೇತ ಓದಲು ಬಾರದಂತೆ ಬೀಗ ಬೀಳುತ್ತದೆ.

ಸ್ಪೈಕ್‌ಬಸ್ಟರ್ ಅಥವಾ ಎಕ್ಸ್‌ಟೆನ್ಶನ್ ಬೋರ್ಡಿಗೆ ಅಡಾಪ್ಟರ್ ಹಾಕಬೇಡಿ. ಸಂಕೇತ ಅಲ್ಲೇ ಕುಂದುತ್ತದೆ. ಮೂರು ಫೇಸಿನ ಮನೆಯಾದರೆ ಎರಡೂ ಒಂದೇ ಫೇಸಿನಲ್ಲಿರುವುದು ಉತ್ತಮ. ಒಂದು ಇನ್ವರ್ಟರಿನ ಲೈನಿನಲ್ಲಿ, ಇನ್ನೊಂದು ನೇರ ಲೈನಿನಲ್ಲಿ ಇದ್ದರೆ ಸಂಪರ್ಕ ಸಿಗದೆ ಹೋಗಬಹುದು. ಮಿಕ್ಸಿ, ಮೋಟಾರು ತಿರುಗುವಾಗ ವೇಗ ತಗ್ಗುತ್ತದೆ. ಪೆಟ್ಟಿಗೆಯ ಮೇಲೆ ಬರೆದ ವೇಗ ಮನೆಯಲ್ಲಿ ಸಿಗುವುದಿಲ್ಲ; ಅರ್ಧಕ್ಕಿಂತಲೂ ಕಡಿಮೆಯೇ ಸಿಗಬಹುದು. ಡಾಕ್ಟರರೊಂದಿಗೆ ಮಾತಾಡಲು ಅಷ್ಟು ಸಾಕು. ಆದುದರಿಂದ ಹಿಂದಿರುಗಿಸಲು ಒಪ್ಪುವ ಅಂಗಡಿಯಿಂದಲೇ ಕೊಳ್ಳುವುದು ಜಾಣತನ.

ಅಡಿಕೆ ಅಂಗಳದ ಕ್ಯಾಮರಾಕ್ಕೂ ಇದು ಆಗುತ್ತದೆಯೇ? ಅಂಗಳದ ಲೈನು ಮನೆಯ ಮೀಟರಿನದ್ದೇ ಆದರೆ ಆದೀತು. ಕೃಷಿ ಪಂಪಿನ ಬೇರೆ ಮೀಟರಿನದ್ದಾದರೆ ಅದನ್ನು ನಂಬುವಂತಿಲ್ಲ. ಅದಕ್ಕೆಂದು ಎರಡು ಲೈನುಗಳನ್ನು ಕೂಡಿಸಲು ಖಂಡಿತ ಹೋಗಬಾರದು. ಒಂದರ ಫ್ಯೂಸ್ ತೆಗೆದರೂ ಇನ್ನೊಂದರಿಂದ ಕರೆಂಟು ಬಂದು, ಪಂಪು ರಿಪೇರಿಗೆ ಇಳಿದವರ ಪ್ರಾಣವೇ ಹೋದೀತು.

ವಯರಿಂಗ್ ಹಳತಾಗಿದ್ದರೆ ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದ ಅದನ್ನೂ ಅರ್ತಿಂಗನ್ನೂ ಪರೀಕ್ಷಿಸಿರಿ. ಗುಡುಗು ಮಿಂಚಿನ ಸಂಜೆಗಳಲ್ಲಿ, ಮೋಡ ಕಟ್ಟುತ್ತಿರುವಾಗಲೇ ಎರಡೂ ಅಡಾಪ್ಟರುಗಳನ್ನು ಪ್ಲಗ್ಗಿನಿಂದ ಕಿತ್ತಿಡಿರಿ. ಸ್ವಿಚ್ ಆರಿಸಿದರಷ್ಟೇ ಸಾಲದು.