ನೋಟರಿ ಮಾಡಿಸಿದರೆ ಮನೆ ಭೋಗ್ಯದ ಪತ್ರ ರಿಜಿಸ್ಟರ್ ಆದಂತೆಯೇ?

“ಬಾಂಡ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಿದರೆ ಸಾಕು, ಮನೆ ಕರಾರಿಗೆ ಬೇರೇನೂ ಬೇಡ.” ಮನೆ ಮಾಲೀಕರಿಗೆ ಸಲಹೆಯೆಂಬಂತೆ ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ಅರ್ಧ ಮಾತ್ರ ನಿಜ.

1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಂದು ವರ್ಷ ಮೀರಿದ ಅವಧಿಯ ಕರಾರಿಗೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರಿನ ರೂಢಿ ಬಂದದ್ದೇ ಇದರಿಂದ. (ಸರಿಯಾಗಿ 12 ತಿಂಗಳಿಗೆ ಬರೆದರೂ ಅವಧಿ ಮೀರಿದಂತಲ್ಲ, ಒಂದು ತಿಂಗಳು ಕಡಿಮೆ ಮಾಡುವುದು ಮುನ್ನೆಚ್ಚರಿಕೆ ಅಷ್ಟೆ.)

ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಮನೆಯನ್ನು ಬಾಡಿಗೆಗೆ ಮಾತ್ರವಲ್ಲ, ಭೋಗ್ಯಕ್ಕೂ ಕೊಡುತ್ತಾರೆ. ಕೆಲವು ಲಕ್ಷ ಒಟ್ಟಿಗೆ ಪಡೆಯುವುದು, ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದಾಗ ಹಣ ವಾಪಸ್. ಹೀಗೆ ಎರಡು ಮೂರು ವರ್ಷಕ್ಕೆ ಬರೆದ ಪತ್ರಕ್ಕೆ ನೋಟರಿ ಸೀಲು ಸಾಲದು. ನೋಟರಿ ಮಾಡುವುದು ದೃಢೀಕರಣ ಮಾತ್ರ. ನೋಂದಣಿ ಆಗುವುದು ತಾಲ್ಲೂಕು ಕೇಂದ್ರದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಅದೂ ಸಹಿಯಾದ ನಾಲ್ಕು ತಿಂಗಳೊಳಗೆ ಪತ್ರ ಹಾಜರುಪಡಿಸಿದರೆ. ಭೋಗ್ಯವನ್ನು ಅಡಮಾನ ಎಂದು ಬರೆದರೂ, ಮೊತ್ತ 100 ರೂಪಾಯಿ ಅಥವಾ ಹೆಚ್ಚಿದ್ದರೆ ನೋಂದಣಿ ತಪ್ಪುವುದಿಲ್ಲ.

ಮಾಡಿಸದೆ ಜಗಳವಾದರೆ? ನೋಂದಣಿಯಾಗದ ಮೂರು ವರ್ಷದ ಕರಾರನ್ನು, ಅವಧಿ ಮತ್ತು ಷರತ್ತುಗಳಿಗೆ ಸಾಕ್ಷಿಯಾಗಿ ಕೋರ್ಟ್ ಒಪ್ಪುವುದಿಲ್ಲ. ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದಾಗಿ, 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ 15 ದಿನದ ನೋಟಿಸ್‌ಗೆ ಮುಗಿಯಬಹುದು. ಇದು ಮಾಲೀಕರಿಗೇ ಅನುಕೂಲ ಎಂದುಕೊಳ್ಳಬೇಡಿ. ಮನೆಯಲ್ಲಿರುವವರೂ ಅದೇ ನೋಟಿಸ್ ಕೊಟ್ಟು ಹಣ ಕೇಳಬಹುದು. ಅಷ್ಟರಲ್ಲಿ ಆ ಹಣ ಮಗಳ ಮದುವೆಗೋ ಬೋರ್‌ವೆಲ್‌ಗೋ ಖರ್ಚಾಗಿರುತ್ತದೆ!

ಇನ್ನು ‘100 ರೂಪಾಯಿ ಬಾಂಡ್’ ಮಾತು. ಮುದ್ರಾಂಕ ಶುಲ್ಕದ ಲೆಕ್ಕ ಬಾಡಿಗೆ, ಅಡ್ವಾನ್ಸ್, ಅವಧಿಯ ಮೇಲೆ ನಿಂತಿದೆ. ಕಡಿಮೆ ಕಟ್ಟಿದ್ದರೆ, 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಡಿ ಕೊರತೆಯ ಜೊತೆಗೆ ಅದರ 10 ಪಟ್ಟು ದಂಡ ಕಟ್ಟಿದ ಮೇಲೆಯೇ ಪತ್ರ ಸಾಕ್ಷಿಯಾಗುವುದು.

ಪತ್ರದಲ್ಲಿ ಮನೆಯ ಚಕ್ಕುಬಂದಿ, ಹಣ ಯಾವ ಬ್ಯಾಂಕ್ ಖಾತೆಗೆ ಯಾವ ದಿನ ಬಂತು, ಬಿಟ್ಟುಕೊಡಲು ಎಷ್ಟು ದಿನದ ನೋಟಿಸ್, ಕರೆಂಟ್ ಬಿಲ್ ಮತ್ತು ಸುಣ್ಣಬಣ್ಣದ ಖರ್ಚು ಯಾರದು, ಇಷ್ಟನ್ನು ಬಿಡಿಸಿ ಬರೆಸಿ.

“ಅವಧಿ ಮುಗಿದರೆ ಬೀಗ ಜಡಿಯಬಹುದು” ಎಂಬ ಫಾರ್ವರ್ಡ್ ಮಾತ್ರ ಪೂರ್ತಿ ಸುಳ್ಳು. ಕೋರ್ಟ್ ಆದೇಶವಿಲ್ಲದೆ ಬಲವಂತವಾಗಿ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿದರೆ, ಮನೆಯ ಸ್ವಾಧೀನವನ್ನು ಮತ್ತೆ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಅವಕಾಶವಿದೆ.